ಪರದೆಗಿಂತ ಪೆನ್ನು ಮೊದಲು: ಚಿತ್ರ ಬಿಡಿಸುವ ಟ್ಯಾಬ್ಲೆಟ್ ಆರಿಸುವ ಬಗೆ

ಗಣೇಶನ ಹಬ್ಬ ಹತ್ತಿರ ಬಂತೆಂದರೆ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನ ಡಿಟಿಪಿ ಅಂಗಡಿಗಳಲ್ಲಿ ನಿಲ್ಲಲು ಜಾಗವಿರುವುದಿಲ್ಲ. ಕಂಪ್ಯೂಟರ್ ಮುಂದೆ ಕೂತ ಆಪರೇಟರ್ ಬೆನ್ನ ಹಿಂದೆ ಯುವಕ ಸಂಘದ ನಾಲ್ಕೈದು ಹುಡುಗರು. ‘ಅಣ್ಣಾ, ಹೆಸರು ಇನ್ನೊಂಚೂರು ದೊಡ್ಡದು ಮಾಡಿ’, ‘ಅಧ್ಯಕ್ಷರ ಫೋಟೊ ಮೇಲಕ್ಕೆ ಬರ್ಲಿ’ ಎಂಬ ಸಲಹೆಗಳು ಒಂದರ ಮೇಲೊಂದು. ಫೋಟೊದಲ್ಲಿನ ತಲೆಗೂದಲನ್ನು ಹಿನ್ನೆಲೆಯಿಂದ ಬೇರ್ಪಡಿಸಲು ಆಪರೇಟರ್ ಮೌಸ್‌ನಿಂದ ಚುಕ್ಕಿಯ ಪಕ್ಕ ಚುಕ್ಕಿ ಇಡುತ್ತಾ ಹೋಗುತ್ತಾರೆ. ಗಣಪತಿಯ ಸೊಂಡಿಲನ್ನು ಹೊಸದಾಗಿ ಬಿಡಿಸಲು ಪುರುಸೊತ್ತಿಲ್ಲ. ರೆಡಿಮೇಡ್ ಕಡತದಲ್ಲಿದ್ದ ಗಣಪತಿಯೇ ಈ ವರ್ಷವೂ ಬ್ಯಾನರ್ ಏರುತ್ತಾನೆ.

ಇಂಥ ಕೆಲಸಕ್ಕೆ ಮೌಸ್‌ಗಿಂತ ಪೆನ್ನು ಒಳ್ಳೆಯದು ಎಂಬುದು ಈಗ ಬಹುತೇಕರಿಗೆ ಗೊತ್ತು. ಯೂಟ್ಯೂಬ್‌ನಲ್ಲಿ ಕಲಾವಿದರು ಪರದೆಯ ಮೇಲೆ ಸರಾಗವಾಗಿ ಚಿತ್ರ ಬಿಡಿಸುವುದನ್ನು ನೋಡಿ ‘ಒಂದು ಟ್ಯಾಬ್ ತಗೊಂಡ್ರೆ ಹೇಗೆ’ ಎಂದು ಯೋಚಿಸುವ ವಿದ್ಯಾರ್ಥಿಗಳೂ ಅಂಗಡಿಯವರೂ ಪ್ರತಿ ಊರಿನಲ್ಲಿದ್ದಾರೆ. ತೊಡಕು ಇರುವುದು ಆಯ್ಕೆಯಲ್ಲಿ. ಆನ್‌ಲೈನ್ ಮಳಿಗೆಯಲ್ಲಿ ‘ಡ್ರಾಯಿಂಗ್ ಟ್ಯಾಬ್ಲೆಟ್’ ಎಂದು ಹುಡುಕಿದರೆ ಮಕ್ಕಳ ಆಟಿಕೆ ಸ್ಲೇಟಿನಿಂದ ಹಿಡಿದು ಲಕ್ಷ ರೂಪಾಯಿಯ ಸಾಧನದವರೆಗೆ ಎಲ್ಲವೂ ಒಂದೇ ಪುಟದಲ್ಲಿ ಬಂದು ನಿಲ್ಲುತ್ತವೆ.

ಕುಂಚ ಹೋಗಿ ಮೌಸ್ ಬಂತು

ಫ್ಲೆಕ್ಸ್ ಮುದ್ರಣ ಬರುವ ಮುನ್ನ ಈ ಊರುಗಳ ಅಂಗಡಿ ಬೋರ್ಡು, ಗೋಡೆ ಬರಹ, ಸಿನಿಮಾ ಟೆಂಟಿನ ಪೋಸ್ಟರು, ಎತ್ತಿನ ಗಾಡಿಯ ಮೇಲಿನ ಹೂಬಳ್ಳಿ ಎಲ್ಲವೂ ಕುಂಚದ ಕೆಲಸವಾಗಿದ್ದವು. ಬೋರ್ಡು ಬರೆಯುವವರ ಕೈಬರಹ ನೋಡಿಯೇ ಯಾರು ಬರೆದದ್ದೆಂದು ಹೇಳಬಹುದಿತ್ತು. 2000ದ ನಂತರದ ದಶಕದಲ್ಲಿ ಕೋರೆಲ್ ಡ್ರಾ, ಫೋಟೊಶಾಪ್, ಪೇಜ್‌ಮೇಕರ್ ಕಲಿತವರ ಕೈಗೆ ಆ ಕೆಲಸ ಹೋಯಿತು. ಅಕ್ಷರ ಫಾಂಟಿನಿಂದ, ಚಿತ್ರ ಸಿಡಿಯಲ್ಲಿ ಬಂದ ಕ್ಲಿಪ್ ಆರ್ಟ್‌ನಿಂದ ಸಿಗತೊಡಗಿದ ಮೇಲೆ ಬಿಡಿಸುವ ಕೈಗೆ ಕೆಲಸ ಕಡಿಮೆಯಾಯಿತು.

ಪೆನ್ ಟ್ಯಾಬ್ಲೆಟ್ ಆ ಕೈಯನ್ನು ಮತ್ತೆ ಕಂಪ್ಯೂಟರ್ ಬಳಿಗೆ ತರುತ್ತದೆ. ಇದು ಹೊಸ ಕಲ್ಪನೆಯೇನಲ್ಲ. ಅಮೆರಿಕದ ರ‍್ಯಾಂಡ್ ಸಂಸ್ಥೆ 1964ರಲ್ಲೇ ಪೆನ್ನಿನಿಂದ ಗೆರೆ ಎಳೆದು ಕಂಪ್ಯೂಟರಿಗೆ ತಿಳಿಸುವ ಫಲಕವೊಂದನ್ನು ರೂಪಿಸಿತ್ತು. ಆಗ ಅದರ ಬೆಲೆ 18,000 ಡಾಲರ್. 1983ರಲ್ಲಿ ಜಪಾನಿನಲ್ಲಿ ಶುರುವಾದ ವಾಕೊಮ್ ಕಂಪನಿ ಆ ದಶಕದಲ್ಲೇ ತಂತಿಯಿಲ್ಲದ ಪೆನ್ನನ್ನು ಮಾರುಕಟ್ಟೆಗೆ ತಂದಿತು. ನಂತರ ಎಕ್ಸ್‌ಪಿ-ಪೆನ್, ಹ್ಯೂಯಾನ್‌ನಂಥ ಕಂಪನಿಗಳು ಬಂದು ಬೆಲೆ ಇಳಿಯಿತು. ಇಂದು ಪರದೆಯಿಲ್ಲದ ಸಣ್ಣ ಪೆನ್ ಟ್ಯಾಬ್ಲೆಟ್ ಸಾಧಾರಣ ಮೊಬೈಲ್ ಫೋನಿನ ಅರ್ಧ ಬೆಲೆಗೂ ಸಿಗುತ್ತದೆ.

ಹೆಸರು ಒಂದು, ಸಾಧನ ಮೂರು

ಟ್ಯಾಬ್ಲೆಟ್ ಎಂಬ ಒಂದೇ ಹೆಸರಿನಡಿ ಮೂರು ಬೇರೆ ಬೇರೆ ಸಾಧನಗಳಿವೆ. ಗೊಂದಲದ ಮೂಲ ಇದೇ.

ಮೊದಲನೆಯದು ಪರದೆಯಿಲ್ಲದ ಪೆನ್ ಟ್ಯಾಬ್ಲೆಟ್. ಇದೊಂದು ಕಪ್ಪು ಫಲಕ ಮತ್ತು ಒಂದು ಪೆನ್ನು. ಕಂಪ್ಯೂಟರಿನ ಯುಎಸ್‌ಬಿ ಕಿಂಡಿಗೆ ಜೋಡಿಸಬೇಕು. ಕೈ ಫಲಕದ ಮೇಲೆ ಓಡಿದರೆ ಗೆರೆ ಮಾನಿಟರ್‌ನಲ್ಲಿ ಮೂಡುತ್ತದೆ. ಸ್ವತಂತ್ರವಾಗಿ ಇದು ಏನೂ ಮಾಡದು.

ಎರಡನೆಯದು ಪರದೆಯಿರುವ ಪೆನ್ ಟ್ಯಾಬ್ಲೆಟ್. ಇದರ ಮೇಲ್ಮೈಯೇ ಮಾನಿಟರ್. ಗೆರೆ ಪೆನ್ನಿನ ತುದಿಯ ಕೆಳಗೇ ಮೂಡುತ್ತದೆ. ಆದರೆ ಇದಕ್ಕೂ ಕಂಪ್ಯೂಟರ್ ಬೇಕು. ಜೊತೆಗೆ ಎಚ್‌ಡಿಎಂಐ ಅಥವಾ ಯುಎಸ್‌ಬಿ-ಸಿ ಕೇಬಲ್ಲು, ಹಲವು ಮಾದರಿಗಳಲ್ಲಿ ಪ್ರತ್ಯೇಕ ವಿದ್ಯುತ್ ಸಂಪರ್ಕವೂ ಬೇಕು.

ಮೂರನೆಯದು ಐಪ್ಯಾಡ್, ಸ್ಯಾಮ್‌ಸಂಗ್ ಗ್ಯಾಲಕ್ಸಿ ಟ್ಯಾಬ್‌ನಂಥ ಸ್ವತಂತ್ರ ಸಾಧನ. ಕಂಪ್ಯೂಟರ್ ಬೇಡ, ಬ್ಯಾಟರಿ ಇದೆ, ಎಲ್ಲಿಗಾದರೂ ಒಯ್ಯಬಹುದು. ಆದರೆ ಅದರಲ್ಲಿ ಓಡುವುದು ಮೊಬೈಲ್ ಮಾದರಿಯ ಆ್ಯಪ್‌ಗಳು. ಅಂಗಡಿಯ ಕಂಪ್ಯೂಟರಿನಲ್ಲಿರುವ ಕೋರೆಲ್ ಡ್ರಾ ಆವೃತ್ತಿ ಇವುಗಳಲ್ಲಿ ಕೂರುವುದಿಲ್ಲ.

ಇಲ್ಲಿ ಇನ್ನೊಂದು ಎಚ್ಚರ ಬೇಕು. ಕೋವಿಡ್ ಕಾಲದಲ್ಲಿ, 2021ರ ಜೂನ್‌ನಲ್ಲಿ, ರಾಜ್ಯ ಸರ್ಕಾರ ತನ್ನ ಪದವಿ, ಪಾಲಿಟೆಕ್ನಿಕ್ ಮತ್ತು ಎಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳಿಗೆ ಟ್ಯಾಬ್ಲೆಟ್ ಹಂಚುವ ಯೋಜನೆಗೆ ಚಾಲನೆ ನೀಡಿತ್ತು. ಆ ಯೋಜನೆಯ ಉದ್ದೇಶ ಆನ್‌ಲೈನ್ ಪಾಠ. ಪಾಠ ಕೇಳಲು ಕೊಳ್ಳುವ ಸಾಧಾರಣ ಟ್ಯಾಬ್‌ಗಳ ಪರದೆ ಬೆರಳಿನ ಸ್ಪರ್ಶವನ್ನಷ್ಟೇ ಅರಿಯುತ್ತದೆ. ಸ್ಟೇಷನರಿ ಅಂಗಡಿಯಲ್ಲಿ ನೂರಿನ್ನೂರು ರೂಪಾಯಿಗೆ ಸಿಗುವ ರಬ್ಬರ್ ತುದಿಯ ಸ್ಟೈಲಸ್ ಆ ಪರದೆಗೆ ಬೆರಳಿನಂತೆಯೇ ಕಾಣುತ್ತದೆ. ಎಷ್ಟು ಒತ್ತಿದರೂ ಗೆರೆ ದಪ್ಪವಾಗದು. ಮನೆಯಲ್ಲಿರುವ ಟ್ಯಾಬ್‌ಗೆ ಸ್ಟೈಲಸ್ ಕೊಂಡ ಮಾತ್ರಕ್ಕೆ ಅದು ಚಿತ್ರಕಲೆಯ ಸಾಧನವಾಗುವುದಿಲ್ಲ.

ಪೆನ್ನಿನೊಳಗೆ ಏನಿದೆ?

ಬಹುತೇಕ ಪೆನ್ ಟ್ಯಾಬ್ಲೆಟ್‌ಗಳ ಫಲಕದ ಕೆಳಗೆ ತೆಳು ತಂತಿಗಳ ಜಾಲವಿರುತ್ತದೆ. ಅದು ಕ್ಷೀಣವಾದ ವಿದ್ಯುತ್ಕಾಂತೀಯ ಸಂಕೇತವನ್ನು ಹೊಮ್ಮಿಸುತ್ತದೆ. ಪೆನ್ನಿನೊಳಗಿನ ಪುಟ್ಟ ಸುರುಳಿ ಆ ಸಂಕೇತದಿಂದಲೇ ಶಕ್ತಿ ಪಡೆದು ತನ್ನ ಸಂಕೇತವನ್ನು ಮರಳಿ ಕಳಿಸುತ್ತದೆ. ಯಾವ ತಂತಿಗಳಿಗೆ ಆ ಸಂಕೇತ ಬಲವಾಗಿ ತಟ್ಟಿತು ಎಂಬುದರಿಂದ ಪೆನ್ನು ಎಲ್ಲಿದೆ ಎಂಬುದು ಗೊತ್ತಾಗುತ್ತದೆ. ತುದಿಯನ್ನು ಒತ್ತಿದಾಗ ಸಂಕೇತ ಬದಲಾಗುತ್ತದೆ. ಆ ಬದಲಾವಣೆಯೇ ಒತ್ತಡದ ಅಳತೆ. ಈ ಪೆನ್ನುಗಳಿಗೆ ಬ್ಯಾಟರಿಯೂ ಬೇಡ, ಚಾರ್ಜೂ ಬೇಡ. ಸ್ಯಾಮ್‌ಸಂಗ್‌ನ ಎಸ್ ಪೆನ್ ಕೂಡ ಚಿತ್ರ ಬಿಡಿಸಲು ಇದೇ ವಿಧಾನವನ್ನು ಬಳಸುತ್ತದೆ.

ಆ್ಯಪಲ್ ಪೆನ್ಸಿಲ್‌ನ ದಾರಿ ಬೇರೆ. ಅದರೊಳಗೆ ಬ್ಯಾಟರಿ ಇದ್ದು ಆಗಾಗ ಚಾರ್ಜ್ ಮಾಡಬೇಕು. 2015ರಲ್ಲಿ ಐಪ್ಯಾಡ್ ಪ್ರೊ ಜೊತೆ ಬಂದ ಮೊದಲ ಪೆನ್ಸಿಲ್‌ನಿಂದ ಇಂದಿನವರೆಗೆ ಹಲವು ಮಾದರಿಗಳು ಬಂದಿವೆ. ಎಲ್ಲ ಪೆನ್ಸಿಲ್ ಎಲ್ಲ ಐಪ್ಯಾಡ್‌ಗೂ ಹೊಂದುವುದಿಲ್ಲ. ಮುಖ್ಯವಾಗಿ, 2023ರಲ್ಲಿ ಬಂದ ಯುಎಸ್‌ಬಿ-ಸಿ ಮಾದರಿಯ ಪೆನ್ಸಿಲ್ ಅಗ್ಗವೇನೋ ಹೌದು, ಆದರೆ ಅದಕ್ಕೆ ಒತ್ತಡ ಗ್ರಹಿಸುವ ಗುಣವಿಲ್ಲ. ಟಿಪ್ಪಣಿ ಬರೆಯಲು ಸಾಕು, ಚಿತ್ರಕ್ಕೆ ಸಾಲದು. ಬೆಲೆ ನೋಡಿ ಇದನ್ನು ತರಿಸಿಕೊಂಡು ಆಮೇಲೆ ಪೇಚಾಡುವುದು ಬೇಡ.

ಒತ್ತಡದ ಅಂಕಿ, ಒತ್ತಡದ ಅನುಭವ

ಪೆಟ್ಟಿಗೆಯ ಮೇಲೆ ದಪ್ಪ ಅಕ್ಷರದಲ್ಲಿ 2048, 4096, 8192, ಈಗೀಗ 16384 ಎಂದು ಮುದ್ರಿಸಿರುತ್ತಾರೆ. ಹಗುರದಿಂದ ಗಟ್ಟಿ ಒತ್ತಿನವರೆಗಿನ ವ್ಯಾಪ್ತಿಯನ್ನು ಸಾಧನ ಎಷ್ಟು ಮೆಟ್ಟಿಲಾಗಿ ಒಡೆಯುತ್ತದೆ ಎಂಬುದರ ಲೆಕ್ಕ ಇದು. 2048 ದಾಟಿದ ಮೇಲೆ ಕೈಗೆ ವ್ಯತ್ಯಾಸ ತಿಳಿಯುವುದು ಕಷ್ಟ. ಈ ಅಂಕಿಗಾಗಿ ಹೆಚ್ಚು ಹಣ ಕೊಡಬೇಕಿಲ್ಲ.

ನಿಜಕ್ಕೂ ನೋಡಬೇಕಾದದ್ದು ಎಷ್ಟು ಹಗುರವಾಗಿ ಮುಟ್ಟಿದರೆ ಗೆರೆ ಶುರುವಾಗುತ್ತದೆ ಎಂಬುದನ್ನು. ಒಳ್ಳೆಯ ಪೆನ್ನಿನಲ್ಲಿ ತುದಿ ಸೋಕಿದರೆ ಸಾಕು, ಕೂದಲೆಳೆಯಂಥ ಗೆರೆ ಮೂಡುತ್ತದೆ. ಕಳಪೆ ಪೆನ್ನಿನಲ್ಲಿ ಸ್ವಲ್ಪ ಅದುಮುವವರೆಗೆ ಏನೂ ಕಾಣದು, ಆಮೇಲೆ ಒಮ್ಮೆಲೇ ದಪ್ಪ ಗೆರೆ ಬರುತ್ತದೆ. ಕನ್ನಡದ ‘ಶ್ರೀ’ ಬರೆದು ನೋಡಿದರೆ ಇದು ಸ್ಪಷ್ಟವಾಗುತ್ತದೆ. ತೆಳು ಆರಂಭ, ಹೊಟ್ಟೆಯ ದಪ್ಪ ತಿರುವು, ಒತ್ತಿನ ಬಾಲದಲ್ಲಿ ಮತ್ತೆ ತೆಳುವಾಗುವ ಎಳೆ, ಈ ಮೂರೂ ಒಂದೇ ಓಟದಲ್ಲಿ ಬಂದರೆ ಪೆನ್ನು ಕೆಲಸದ್ದು. ಜಾತ್ರೆಯ ಬ್ಯಾನರಿಗೋ ನಾಟಕದ ಪೋಸ್ಟರಿಗೋ ಕೈಬರಹದ ಶೀರ್ಷಿಕೆ ಮಾಡುವವರಿಗೆ ಈ ಗುಣವೇ ಬಂಡವಾಳ.

ಪೆನ್ನನ್ನು ಓರೆ ಹಿಡಿದಾಗ ಗೆರೆ ಅಗಲವಾಗುವ ಸೌಲಭ್ಯ ಪೆನ್ಸಿಲ್ ಛಾಯೆ ಕೊಡುವವರಿಗೆ ಉಪಯುಕ್ತ. ಲೋಗೊ, ಬ್ಯಾನರ್ ಮಾಡುವವರಿಗೆ ಅದಿಲ್ಲದಿದ್ದರೂ ನಡೆಯುತ್ತದೆ. ಪೆನ್ನಿನ ತುದಿ ಸವೆಯುವ ವಸ್ತು. ಪೆಟ್ಟಿಗೆಯಲ್ಲಿ ಬಿಡಿ ತುದಿಗಳು ಎಷ್ಟಿವೆ, ಆಮೇಲೆ ಅವು ಬೇರೆಯಾಗಿ ಸಿಗುತ್ತವೆಯೇ ಎಂಬುದನ್ನು ಮೊದಲೇ ತಿಳಿದಿರಬೇಕು. ಕಾಗದದ ಅನುಭವ ಕೊಡುವ ಒರಟು ಹಾಳೆ ಅಂಟಿಸಿದರೆ ತುದಿ ಇನ್ನೂ ಬೇಗ ಸವೆಯುತ್ತದೆ.

ಅಳತೆ ಎಷ್ಟಿರಬೇಕು?

ಟ್ಯಾಬ್ಲೆಟ್‌ನ ಒಟ್ಟು ಗಾತ್ರ ಬೇರೆ, ಪೆನ್ನು ಕೆಲಸ ಮಾಡುವ ಜಾಗ ಬೇರೆ. ಸಣ್ಣ ಮಾದರಿಗಳಲ್ಲಿ ಆ ಜಾಗ ಸುಮಾರು 6 ಇಂಚು ಅಗಲ, 4 ಇಂಚು ಎತ್ತರ. ವಾಕೊಮ್‌ನ ಸಣ್ಣ ಮಾದರಿಗಳಲ್ಲಿ ಇದು 152 ಮತ್ತು 95 ಮಿಲಿಮೀಟರ್. ಮಧ್ಯಮ ಗಾತ್ರವೆಂದರೆ ಸುಮಾರು 10 ಇಂಚು ಅಗಲ, 6 ಇಂಚು ಎತ್ತರ.

ಫೋಟೊ ಕತ್ತರಿಸುವುದು, ಕಲೆ ತೆಗೆಯುವುದು, ಬಣ್ಣ ತಿದ್ದುವುದು ಮಣಿಕಟ್ಟಿನ ಕೆಲಸ. ಅದಕ್ಕೆ ಸಣ್ಣದು ಧಾರಾಳ. ಕೌಂಟರಿನ ಇಕ್ಕಟ್ಟಿನಲ್ಲಿ ಕೀಬೋರ್ಡ್ ಪಕ್ಕ ಇಡಲೂ ಅದೇ ಸಲೀಸು. ಉದ್ದನೆಯ ಗೆರೆ, ದೊಡ್ಡ ಬಾಗು, ಆಳೆತ್ತರದ ಚಿತ್ರ ಬಿಡಿಸುವವರು ಮೊಣಕೈ, ಭುಜ ಬಳಸಿ ಬರೆಯುತ್ತಾರೆ. ಅವರಿಗೆ ಮಧ್ಯಮ ಗಾತ್ರ ಬೇಕು. ಚಿಕ್ಕ ಫಲಕದಲ್ಲಿ ಬೆರಳಿನಿಂದಷ್ಟೇ ಗಂಟೆಗಟ್ಟಲೆ ಬರೆದರೆ ಮಣಿಕಟ್ಟು ನೋಯುತ್ತದೆ.

ಗಾತ್ರದ ಜೊತೆ ಅನುಪಾತವೂ ಮುಖ್ಯ. ಅನೇಕ ಅಂಗಡಿಗಳಲ್ಲಿ ಇನ್ನೂ ಹಳೆಯ, ಹೆಚ್ಚೂಕಡಿಮೆ ಚೌಕಾಕಾರದ ಮಾನಿಟರ್‌ಗಳಿವೆ. ಅಗಲವಾದ ಫಲಕವನ್ನು ಅಂಥ ಮಾನಿಟರಿಗೆ ಹಾಗೇ ಜೋಡಿಸಿದರೆ ಕೈ ಗುಂಡಗೆ ಎಳೆದ ವೃತ್ತ ಪರದೆಯಲ್ಲಿ ಉದ್ದುದ್ದವಾಗಿ ಕಾಣುತ್ತದೆ. ‘ಠ’ ಬರೆದರೆ ಮೊಟ್ಟೆಯಾಗುತ್ತದೆ. ಕೈ ಕೆಟ್ಟಿದೆ ಎಂದು ಹೊಸಬರು ಕೈಚೆಲ್ಲುವುದು ಇಲ್ಲೇ. ಟ್ಯಾಬ್ಲೆಟ್‌ನ ಡ್ರೈವರ್ ತಂತ್ರಾಂಶದಲ್ಲಿ ಅನುಪಾತ ಸರಿಪಡಿಸುವ ಆಯ್ಕೆ ಇರುತ್ತದೆ. ಅದನ್ನು ಒತ್ತಿದರೆ ಫಲಕದ ಸ್ವಲ್ಪ ಭಾಗ ನಿಷ್ಕ್ರಿಯವಾಗಿ ವೃತ್ತ ವೃತ್ತವಾಗಿಯೇ ಬರುತ್ತದೆ. ಎಡಗೈಯವರು ಅದೇ ತಂತ್ರಾಂಶದಲ್ಲಿ ಫಲಕವನ್ನು ತಿರುಗಿಸಿಕೊಳ್ಳಬಹುದು.

ಪರದೆ ಬೇಕೇ ಬೇಕೇ?

ಪರದೆಯಿಲ್ಲದ ಫಲಕದಲ್ಲಿ ಕೈ ಒಂದು ಕಡೆ, ಕಣ್ಣು ಇನ್ನೊಂದು ಕಡೆ. ಮೊದಲ ಕೆಲವು ದಿನ ಹೆಸರು ಬರೆಯುವುದೂ ಕಷ್ಟ. ದಿನವೂ ಬಳಸಿದರೆ ಕೆಲವು ವಾರಗಳಲ್ಲಿ ಅಭ್ಯಾಸವಾಗುತ್ತದೆ. ಮೌಸ್ ಹಿಡಿದು ವರ್ಷಗಟ್ಟಲೆ ಕೆಲಸ ಮಾಡಿದ ಆಪರೇಟರ್‌ಗೆ ಇದು ಇನ್ನೂ ಸುಲಭ. ಕೈ ನೋಡದೆ ಪರದೆ ನೋಡಿ ಕೆಲಸ ಮಾಡುವ ರೂಢಿ ಅವರಿಗೆ ಮೊದಲೇ ಇದೆ. ತಲೆ ಎತ್ತಿ ಕೂರುವುದರಿಂದ ಕುತ್ತಿಗೆಗೂ ಹಿತ.

ಪರದೆಯಿರುವ ಸಾಧನದಲ್ಲಿ ಕಾಗದದಲ್ಲಿ ಬರೆದಂತೆಯೇ ಬರೆಯಬಹುದು. ಆದರೆ ಬೆಲೆ ನಾಲ್ಕೈದು ಪಟ್ಟು ಏರುತ್ತದೆ. ಗಾಜಿಗೂ ಅದರ ಕೆಳಗಿನ ಚಿತ್ರಕ್ಕೂ ನಡುವೆ ಅಂತರವಿದ್ದರೆ ಗೆರೆ ಪೆನ್ನಿನ ತುದಿಯಿಂದ ತುಸು ಆಚೆ ಮೂಡಿದಂತೆ ಭಾಸವಾಗುತ್ತದೆ. ಗಾಜು ಮತ್ತು ಪರದೆಯನ್ನು ಒಂದಾಗಿ ಅಂಟಿಸಿದ, ‘ಲ್ಯಾಮಿನೇಟೆಡ್’ ಎಂದು ಕರೆಯುವ ಮಾದರಿಗಳಲ್ಲಿ ಈ ತೊಂದರೆ ಕಡಿಮೆ. ಕಡಿಮೆ ಬೆಲೆಯ ಸಾಮಾನ್ಯ ಐಪ್ಯಾಡ್‌ನಲ್ಲಿ ಈ ಅಂತರವಿದೆ, ಐಪ್ಯಾಡ್ ಏರ್‌ನಲ್ಲಿ ಇಲ್ಲ.

ಹೊರಾಂಗಣದಲ್ಲಿ ಚಿತ್ರ ಬಿಡಿಸುವವರ ಲೆಕ್ಕವೇ ಬೇರೆ. ಚನ್ನಗಿರಿ ತಾಲ್ಲೂಕಿನ ಸಂತೇಬೆನ್ನೂರು ಪುಷ್ಕರಣಿಯ ಮೆಟ್ಟಿಲ ಮೇಲೆ ಕೂತು ನಡುನೀರಿನ ಮಂಟಪವನ್ನು ಬಿಡಿಸಬೇಕೆಂದರೆ ಕಂಪ್ಯೂಟರಿಗೆ ಕಟ್ಟಿಹಾಕಿದ ಎರಡೂ ಸಾಧನ ಉಪಯೋಗಕ್ಕೆ ಬಾರವು. ಬ್ಯಾಟರಿಯ ಟ್ಯಾಬ್ ಆಗುತ್ತದೆ, ಆದರೆ ಮಧ್ಯಾಹ್ನದ ಬಿಸಿಲಿಗೆ ಹೊಳಪು ಗಾಜಿನಲ್ಲಿ ಚಿತ್ರಕ್ಕಿಂತ ಬಿಡಿಸುವವರ ಮುಖವೇ ಚೆನ್ನಾಗಿ ಕಾಣುತ್ತದೆ. ಅಂಥಲ್ಲಿ ಹಾಳೆ, ಪೆನ್ಸಿಲ್‌ಗಳೇ ಮೇಲು. ಅಲ್ಲಿ ಹಾಳೆಯ ಮೇಲೆ ಬಿಡಿಸಿ, ಮೊಬೈಲ್‌ನಲ್ಲಿ ನೇರವಾಗಿ ಮೇಲಿನಿಂದ ಫೋಟೊ ತೆಗೆದು, ಮನೆಯಲ್ಲಿ ಸಣ್ಣ ಪೆನ್ ಟ್ಯಾಬ್ಲೆಟ್‌ನಲ್ಲಿ ಅದರ ಮೇಲೆ ತಿದ್ದುವುದು ಕಡಿಮೆ ಖರ್ಚಿನ, ಒಳ್ಳೆಯ ಫಲ ಕೊಡುವ ದಾರಿ.

ಚುಕ್ಕಿಯ ಚಿತ್ರ, ಗೆರೆಯ ಚಿತ್ರ

ಸಾಧನ ಆರಿಸುವ ಮುನ್ನ ಯಾವ ಬಗೆಯ ಚಿತ್ರ ಮಾಡಬೇಕಿದೆ ಎಂಬುದು ಖಚಿತವಿರಬೇಕು. ಫೋಟೊಶಾಪ್, ಕ್ರಿತಾ, ಪ್ರೊಕ್ರಿಯೇಟ್‌ಗಳಲ್ಲಿ ಚಿತ್ರವೆಂದರೆ ಲಕ್ಷಾಂತರ ಬಣ್ಣದ ಚುಕ್ಕಿಗಳ ಗುಂಪು. ಹಿಗ್ಗಿಸಿದರೆ ಚುಕ್ಕಿಗಳು ಒಡೆದು ಕಾಣುತ್ತವೆ. ಕೋರೆಲ್ ಡ್ರಾ, ಇಲ್ಲಸ್ಟ್ರೇಟರ್, ಇಂಕ್‌ಸ್ಕೇಪ್‌ಗಳಲ್ಲಿ ಚಿತ್ರವೆಂದರೆ ಗೆರೆಗಳ ಗಣಿತ. ವಿಸಿಟಿಂಗ್ ಕಾರ್ಡಿನ ಗಾತ್ರಕ್ಕೆ ಮಾಡಿದ್ದನ್ನು ಬಸ್ಸಿನ ಗಾತ್ರಕ್ಕೆ ಹಿಗ್ಗಿಸಿದರೂ ಅಂಚು ಚೂಪಾಗಿಯೇ ಉಳಿಯುತ್ತದೆ.

ಎರಡನೆಯ ಬಗೆಗೆ ಕನ್ನಡನಾಡಿನ ರಸ್ತೆಗಳಲ್ಲೇ ದೊಡ್ಡ ಉದಾಹರಣೆಯಿದೆ. ಕಾಸರಗೋಡಿನ ಕಲಾವಿದ ಕರಣ್ ಆಚಾರ್ಯ 2015ರಲ್ಲಿ ತಮ್ಮೂರಿನ ಯುವಕರು ಗಣೇಶೋತ್ಸವದ ಧ್ವಜಕ್ಕೆಂದು ಕೇಳಿದಾಗ ಹನುಮಂತನ ಮುಖವೊಂದನ್ನು ರಚಿಸಿದರು. ಕೇಸರಿ, ಕಪ್ಪು ಎರಡೇ ಬಣ್ಣ, ಗಟ್ಟಿಯಾದ ಅಂಚು, ನೆರಳಿಗೆ ಛಾಯೆಯಿಲ್ಲ, ಕಪ್ಪು ತುಂಡುಗಳಷ್ಟೇ. ಅದು ಧ್ವಜದಿಂದ ಕಾರಿನ ಹಿಂಗಾಜಿಗೆ, ಬೈಕಿಗೆ, ಟಿ-ಶರ್ಟಿಗೆ ಹರಡಿ ದೇಶವಿಡೀ ಓಡಾಡಿತು. ಸ್ಟಿಕ್ಕರ್ ಕತ್ತರಿಸುವ ಯಂತ್ರಕ್ಕೆ ಬೇಕಾದದ್ದು ಗೆರೆಯ ಹಾದಿ; ಬಣ್ಣದ ನವಿರು ಛಾಯೆ ಅದಕ್ಕೆ ಅರ್ಥವಾಗದು. ಇಂಥ ವಿನ್ಯಾಸ ಮಾಡುವವರು ಮೊದಲು ಪೆನ್ನಿನಿಂದ ಕಚ್ಚಾ ಚಿತ್ರ ಬಿಡಿಸಿ, ಅದರ ಮೇಲೆ ಗೆರೆಯ ಹಾದಿ ಕೂರಿಸುತ್ತಾರೆ. ಇದಕ್ಕೆ ದುಬಾರಿ ಪರದೆ ಬೇಡ, ಕಂಪ್ಯೂಟರಿಗೆ ಜೋಡಿಸಿದ ಸಣ್ಣ ಫಲಕ ಸಾಕು.

ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪ ಬಂಜಾರರ ಗುರು ಸೇವಾಲಾಲರ ಜನ್ಮಸ್ಥಳ. ಪ್ರತಿ ಫೆಬ್ರುವರಿಯಲ್ಲಿ ಅಲ್ಲಿ ನಡೆಯುವ ಜಯಂತಿಗೆ ಬ್ಯಾನರು, ಕರಪತ್ರ, ಧ್ವಜಗಳು ಬೇಕು. ಲಂಬಾಣಿ ಕಸೂತಿಯ ತ್ರಿಕೋನ, ಚೌಕ, ಕನ್ನಡಿ ಬಿಲ್ಲೆಗಳು ಮರುಕಳಿಸುವ ಅಂಚುಗಳನ್ನು ಅವುಗಳಲ್ಲಿ ತರಬೇಕೆಂದರೆ ಗೆರೆಯ ತಂತ್ರಾಂಶವೇ ಸರಿ. ಒಂದು ತುಣುಕನ್ನು ಕೈಯಲ್ಲಿ ಬಿಡಿಸಿದರೆ ಉಳಿದದ್ದನ್ನು ಅದು ಸಾಲಾಗಿ ಜೋಡಿಸುತ್ತದೆ.

ಮೆಮೊರಿಯ ಲೆಕ್ಕ

ಚುಕ್ಕಿಯ ಚಿತ್ರ ಮೆಮೊರಿ ನುಂಗುತ್ತದೆ. ಎ4 ಹಾಳೆಯನ್ನು ಮುದ್ರಣದ ಗುಣಮಟ್ಟದಲ್ಲಿ, ಎಂದರೆ ಇಂಚಿಗೆ 300 ಚುಕ್ಕಿಯಂತೆ, ತೆರೆದರೆ 2480 ಅಡ್ಡ, 3508 ಉದ್ದ ಚುಕ್ಕಿಗಳಾಗುತ್ತವೆ. ಒಂದು ಪದರಕ್ಕೆ ಸುಮಾರು 35 ಎಂಬಿ. ಮುಖಕ್ಕೊಂದು, ಬಟ್ಟೆಗೊಂದು, ನೆರಳಿಗೊಂದು ಎಂದು ಇಪ್ಪತ್ತು ಪದರವಾದರೆ 700 ಎಂಬಿ. 3 ಅಥವಾ 4 ಜಿಬಿ ರ‍್ಯಾಮ್ ಇರುವ ಟ್ಯಾಬ್ ಇಲ್ಲೇ ಏದುಸಿರು ಬಿಡುತ್ತದೆ. ಐಪ್ಯಾಡ್‌ನಲ್ಲಿ ಮಾತ್ರ ಸಿಗುವ ಪ್ರೊಕ್ರಿಯೇಟ್, ಸಾಧನದ ಮೆಮೊರಿ ನೋಡಿ ಪದರಗಳ ಸಂಖ್ಯೆಗೇ ಮಿತಿ ಹಾಕುತ್ತದೆ.

10 ಅಡಿ ಅಗಲ, 6 ಅಡಿ ಎತ್ತರದ ಬ್ಯಾನರನ್ನು ಇಂಚಿಗೆ 300 ಚುಕ್ಕಿಯಲ್ಲಿ ಮಾಡಲು ಹೊರಟರೆ ಒಂದು ಪದರವೇ 3 ಜಿಬಿ ದಾಟುತ್ತದೆ. ಅಷ್ಟು ಬೇಕಾಗಿಲ್ಲ. ಬ್ಯಾನರನ್ನು ದೂರದಿಂದ ನೋಡುವುದರಿಂದ ಇಂಚಿಗೆ 72 ಚುಕ್ಕಿ ಸಾಕೆಂಬುದು ಮುದ್ರಕರ ರೂಢಿ. ಆಗ ಒಂದು ಪದರ 180 ಎಂಬಿಯ ಆಸುಪಾಸಿನಲ್ಲಿ ಮುಗಿಯುತ್ತದೆ. ಮದುವೆ ಪತ್ರಿಕೆ, ಪುಸ್ತಕದ ಮುಖಪುಟ ಕೈಯಲ್ಲಿ ಹಿಡಿದು ನೋಡುವಂಥವು. ಅವಕ್ಕೆ 300 ಬೇಕೇ ಬೇಕು. ಚಿತ್ರಕ್ಕೆಂದು ಸ್ವತಂತ್ರ ಟ್ಯಾಬ್ ಕೊಳ್ಳುವವರು ಕನಿಷ್ಠ 6 ಜಿಬಿ ರ‍್ಯಾಮ್, 128 ಜಿಬಿ ಸಂಗ್ರಹ ನೋಡುವುದು ಒಳ್ಳೆಯದು. ಐಪ್ಯಾಡ್‌ಗೆ ಮೆಮೊರಿ ಕಾರ್ಡ್ ಹಾಕಲಾಗದು ಎಂಬುದೂ ನೆನಪಿರಬೇಕು.

ಕನ್ನಡ ಅಕ್ಷರದ ತೊಡಕು

ಹೊರಗಿನವರು ಬರೆದ ಟ್ಯಾಬ್ಲೆಟ್ ವಿಮರ್ಶೆಗಳಲ್ಲಿ ಈ ವಿಷಯ ಇರುವುದೇ ಇಲ್ಲ. ಇಲ್ಲಿನ ಅಂಗಡಿಗಳಲ್ಲಿ ಇನ್ನೂ ಹೆಚ್ಚು ಬಳಕೆಯಲ್ಲಿರುವುದು ನುಡಿ, ಶ್ರೀಲಿಪಿಯಂಥ ಹಳೆಯ ಸಂಕೇತ ಪದ್ಧತಿಯ ಫಾಂಟುಗಳು. ಮೊಬೈಲು, ಟ್ಯಾಬ್‌ಗಳಲ್ಲಿ ಟೈಪಾಗುವುದು ಯೂನಿಕೋಡ್ ಕನ್ನಡ. ಒಂದರಿಂದ ಇನ್ನೊಂದಕ್ಕೆ ಅಕ್ಷರವನ್ನು ಹಾಗೇ ಅಂಟಿಸಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು ಬರುತ್ತದೆ, ಇಲ್ಲವೇ ಖಾಲಿ ಚೌಕಗಳು.

ಎಲ್ಲ ಆ್ಯಪ್‌ಗಳೂ ಕನ್ನಡದ ಒತ್ತಕ್ಷರವನ್ನು ಸರಿಯಾಗಿ ಕೂರಿಸುವುದಿಲ್ಲ. ಕಂಪ್ಯೂಟರಿನ ಫೋಟೊಶಾಪ್‌ನಲ್ಲೂ ಅಕ್ಷರ ವಿನ್ಯಾಸದ ಆಯ್ಕೆಯನ್ನು ಭಾರತೀಯ ಭಾಷೆಗಳಿಗೆ ಹೊಂದುವಂತೆ ಬದಲಿಸದಿದ್ದರೆ ‘ಹೊನ್ನಾಳಿ’ಯ ನ ಒತ್ತು ಕೆಳಗಿಳಿಯದೆ ಪಕ್ಕದಲ್ಲಿ ನಿಲ್ಲಬಹುದು. ಇಂಕ್‌ಸ್ಕೇಪ್, ಗಿಂಪ್ ಎಂಬ ಉಚಿತ ತಂತ್ರಾಂಶಗಳು ಯೂನಿಕೋಡ್ ಕನ್ನಡವನ್ನು ಸರಿಯಾಗಿ ತೋರಿಸುತ್ತವೆ.

ಹಾಗಾಗಿ ಸ್ವತಂತ್ರ ಟ್ಯಾಬ್ ಕೊಳ್ಳುವವರು ಕೆಲಸವನ್ನು ಎರಡಾಗಿ ಹಂಚಿಕೊಳ್ಳುವುದು ಜಾಣತನ. ಚಿತ್ರ ಟ್ಯಾಬ್‌ನಲ್ಲಿ, ಅಕ್ಷರ ಕಂಪ್ಯೂಟರಿನಲ್ಲಿ. ಚಿತ್ರವನ್ನು ಪದರಗಳ ಸಮೇತ ಪಿಎಸ್‌ಡಿ ಕಡತವಾಗಿ ಕಳಿಸಿದರೆ ಕೋರೆಲ್ ಡ್ರಾದಲ್ಲೂ ತೆರೆಯಬಹುದು. ಅಕ್ಷರಗಳನ್ನು ‘ಕರ್ವ್ಸ್’ ಮಾಡಿ, ಎಂದರೆ ಬರೀ ಗೆರೆಗಳಾಗಿ ಬದಲಿಸಿ ಕಳಿಸಿದರೆ ಮುದ್ರಣಾಲಯದಲ್ಲಿ ಆ ಫಾಂಟ್ ಇಲ್ಲದಿದ್ದರೂ ಕೆಡುವುದಿಲ್ಲ. ಆದರೆ ಕರ್ವ್ಸ್ ಆದ ಮೇಲೆ ಅಕ್ಷರ ತಿದ್ದಲಾಗದು. ಮದುವೆ ಪತ್ರಿಕೆಯಲ್ಲಿ ಕೊನೆ ಗಳಿಗೆಗೆ ಸೋದರಮಾವನ ಹೆಸರು ಸೇರಿಸಬೇಕಾಗಿ ಬಂದರೆ ಮೂಲ ಕಡತ ಬೇಕು. ಎರಡೂ ಪ್ರತಿ ಇಟ್ಟುಕೊಳ್ಳುವುದು ಲೇಸು.

ಪರದೆಯ ಬಣ್ಣ, ಕಾಗದದ ಬಣ್ಣ

ಟ್ಯಾಬ್‌ನಲ್ಲಿ ಮಿಂಚುವ ಗಿಳಿಹಸಿರು, ನೇರಳೆ, ಕಡುನೀಲಿ ಪತ್ರಿಕೆಯಾಗಿ ಮುದ್ರಣವಾದಾಗ ಮಂಕಾಗುತ್ತವೆ. ಪರದೆ ಕೆಂಪು, ಹಸಿರು, ನೀಲಿ ಬೆಳಕನ್ನು ಬೆರೆಸಿ ಬಣ್ಣ ತೋರಿಸುತ್ತದೆ. ಮುದ್ರಣ ಯಂತ್ರ ತಿಳಿನೀಲಿ, ಗುಲಾಬಿ, ಹಳದಿ, ಕಪ್ಪು ಶಾಯಿಗಳನ್ನು ಬೆರೆಸುತ್ತದೆ. ಬೆಳಕಿಗೆ ಸಾಧ್ಯವಾದ ಎಲ್ಲ ಬಣ್ಣ ಶಾಯಿಗೆ ಸಾಧ್ಯವಿಲ್ಲ. ಆದ್ದರಿಂದ ಈ ನಾಲ್ಕು ಶಾಯಿಗಳ ಲೆಕ್ಕದಲ್ಲಿ ಬಣ್ಣ ತೋರಿಸುವ, ಸಿಎಂವೈಕೆ ಎಂಬ ವ್ಯವಸ್ಥೆ ಇರುವ ತಂತ್ರಾಂಶ ಆರಿಸಬೇಕು. ಕ್ರಿತಾ, ಪ್ರೊಕ್ರಿಯೇಟ್ ಎರಡರಲ್ಲೂ ಅದಿದೆ. ಕ್ರಿತಾ ಉಚಿತ, ಕಂಪ್ಯೂಟರಿಗೂ ಆ್ಯಂಡ್ರಾಯ್ಡ್ ಟ್ಯಾಬ್‌ಗೂ ಸಿಗುತ್ತದೆ.

ಕಡತ ಕಳಿಸುವ ರೀತಿಯಿಂದಲೂ ಕೆಲಸ ಕೆಡುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಎಂದು ಕಳಿಸಿದರೆ ಅದು ಚಿತ್ರವನ್ನು ಕುಗ್ಗಿಸುತ್ತದೆ, ಮುದ್ರಣದಲ್ಲಿ ಅಂಚು ಮಸುಕಾಗುತ್ತದೆ. ಡಾಕ್ಯುಮೆಂಟ್ ಎಂದು ಕಳಿಸಿದರೆ ಮೂಲ ಗುಣಮಟ್ಟದಲ್ಲೇ ತಲುಪುತ್ತದೆ.

ಯಾರಿಗೆ ಯಾವುದು?

ಡ್ರಾಯಿಂಗ್ ಲೋಯರ್, ಹೈಯರ್ ಗ್ರೇಡ್ ಪರೀಕ್ಷೆಗೆ ಸಿದ್ಧವಾಗುತ್ತಿರುವ ಶಾಲಾ ಮಕ್ಕಳಿಗೆ ಟ್ಯಾಬ್ಲೆಟ್‌ನ ಅಗತ್ಯವಿಲ್ಲ. ಪರೀಕ್ಷೆ ಕಾಗದದ ಮೇಲೆ, ಅಭ್ಯಾಸವೂ ಅಲ್ಲೇ ಆಗಬೇಕು. ದಾವಣಗೆರೆಯ ದೃಶ್ಯಕಲಾ ಮಹಾವಿದ್ಯಾಲಯದಂಥ ಕಡೆ ಸೇರಬಯಸುವವರಿಗೂ ಕೈಯ ಹಿಡಿತವೇ ಮೊದಲ ಅರ್ಹತೆ.

ಮನೆಯಲ್ಲಿ ಕಂಪ್ಯೂಟರ್ ಇಲ್ಲದ, ಮೊಬೈಲ್ ಮಾತ್ರ ಇರುವ ಕಾಲೇಜು ವಿದ್ಯಾರ್ಥಿಗೆ ಆ್ಯಂಡ್ರಾಯ್ಡ್ ಫೋನಿಗೆ ಒಟಿಜಿ ಎಂಬ ಯುಎಸ್‌ಬಿ ಜೋಡಣೆಯ ಮೂಲಕ ಸೇರಿಸಬಹುದಾದ ಸಣ್ಣ ಪೆನ್ ಟ್ಯಾಬ್ಲೆಟ್ ಉತ್ತಮ ಆರಂಭ. ಹ್ಯೂಯಾನ್, ಎಕ್ಸ್‌ಪಿ-ಪೆನ್‌ಗಳಲ್ಲಿ ಇಂಥ ಮಾದರಿಗಳಿವೆ. ಫೋನನ್ನು ಲಂಬವಾಗಿ ಹಿಡಿದಾಗ ಫಲಕದ ಒಂದು ಭಾಗವಷ್ಟೇ ಕೆಲಸ ಮಾಡುತ್ತದೆ. ಎಲ್ಲ ಫೋನಿಗೂ ಇದು ಹೊಂದದಿರುವುದರಿಂದ ಕಂಪನಿಯ ಪಟ್ಟಿ ನೋಡಿಯೇ ಕೊಳ್ಳಬೇಕು. ಮುಂದೆ ಕಂಪ್ಯೂಟರ್ ಬಂದಾಗ ಅದೇ ಫಲಕವನ್ನು ಅದಕ್ಕೂ ಬಳಸಬಹುದು.

ಡಿಟಿಪಿ ಅಂಗಡಿ, ಫೋಟೊ ಸ್ಟುಡಿಯೊಗಳಿಗೆ ಪರದೆಯಿಲ್ಲದ ಸಣ್ಣ ಅಥವಾ ಮಧ್ಯಮ ಫಲಕವೇ ಸರಿ. ಕೋರೆಲ್ ಡ್ರಾ, ನುಡಿ, ಮುದ್ರಕರ ಕಡತ ಎಲ್ಲವೂ ಇದ್ದ ಕಂಪ್ಯೂಟರಿನಲ್ಲೇ ಉಳಿಯುತ್ತವೆ. ಬದಲಾಗುವುದು ಮೌಸ್ ಮಾತ್ರ. ಅಂಗಡಿಯ ಕಂಪ್ಯೂಟರಿನ ವಿಂಡೋಸ್ ಹಳೆಯದಾಗಿದ್ದರೆ ಹೊಸ ಟ್ಯಾಬ್ಲೆಟ್‌ನ ಡ್ರೈವರ್ ಅದರಲ್ಲಿ ನಡೆಯುತ್ತದೆಯೇ ಎಂದು ಮೊದಲೇ ವಿಚಾರಿಸಬೇಕು.

ಕಥೆಯ ಚಿತ್ರ, ಪುಸ್ತಕದ ಚಿತ್ರ, ಭಾವಚಿತ್ರಗಳಿಂದ ಆಗಲೇ ಸಂಪಾದಿಸುತ್ತಿರುವವರಿಗೆ ಪರದೆಯ ಸಾಧನ ಅಥವಾ ಐಪ್ಯಾಡ್ ಸಮಯ ಉಳಿಸುತ್ತದೆ. ವಿದ್ಯುತ್ ಆಗಾಗ ಕೈಕೊಡುವ ಹಳ್ಳಿಯಲ್ಲಿದ್ದು, ಯುಪಿಎಸ್ ಇಲ್ಲದೆ ಕೆಲಸ ಮಾಡುವವರಿಗೆ ಬ್ಯಾಟರಿಯ ಟ್ಯಾಬ್‌ನ ಅನುಕೂಲ ಹೆಚ್ಚು. ಐಪ್ಯಾಡ್ ಬೆಲೆಗೆ ಪೆನ್ಸಿಲ್‌ನ ಬೆಲೆ ಸೇರಿಸಿಯೇ ಲೆಕ್ಕ ಹಾಕಬೇಕು, ಅದು ಪೆಟ್ಟಿಗೆಯಲ್ಲಿ ಬರುವುದಿಲ್ಲ. ಗ್ಯಾಲಕ್ಸಿ ಟ್ಯಾಬ್ ಎಸ್6 ಲೈಟ್‌ನಂಥ ಮಾದರಿಗಳಲ್ಲಿ ಎಸ್ ಪೆನ್ ಜೊತೆಗೇ ಸಿಗುತ್ತದೆ.

ಕೊಳ್ಳುವ ಮುನ್ನ ಐದು ನಿಮಿಷ

ಜಗಳೂರಿನವರು ದಾವಣಗೆರೆಗೂ ನ್ಯಾಮತಿ, ಹೊನ್ನಾಳಿಯವರು ಶಿವಮೊಗ್ಗಕ್ಕೂ ಹೋಗುವುದು ರೂಢಿ. ಅಲ್ಲಿನ ಅಂಗಡಿಯಲ್ಲಿ ಸಾಧನ ಮುಟ್ಟಿ ನೋಡುವ ಅವಕಾಶ ಸಿಕ್ಕರೆ, ಅಥವಾ ಬಳಸುವ ಪರಿಚಯದವರಿದ್ದರೆ, ನಾಲ್ಕು ಪರೀಕ್ಷೆ ಸಾಕು. ಸ್ಕೇಲ್ ಇಟ್ಟು ಓರೆಯಾಗಿ, ನಿಧಾನವಾಗಿ ಒಂದು ಗೆರೆ ಎಳೆಯಬೇಕು. ಅದು ಅಲೆಅಲೆಯಾಗಿ ನಡುಗಿದರೆ ಸಾಧನ ಬೇಡ. ಹಗುರದಿಂದ ಗಟ್ಟಿಗೆ ಒಂದೇ ಗೆರೆ ಎಳೆದು ದಪ್ಪ ಹಂತಹಂತವಾಗಿ ಏರುತ್ತದೆಯೇ ನೋಡಬೇಕು. ಫಲಕದ ನಾಲ್ಕೂ ಮೂಲೆಗಳಲ್ಲಿ ಚುಕ್ಕಿ ಇಟ್ಟು ಅದು ಅಲ್ಲೇ ಬಿತ್ತೇ ಎಂದು ಪರಿಶೀಲಿಸಬೇಕು. ಪರದೆಯಿರುವ ಸಾಧನದಲ್ಲಿ ಅಂಗೈ ಊರಿ ಬರೆದಾಗ ಅಂಗೈ ತಾಗಿದ ಕಡೆ ಗೆರೆ ಬೀಳಬಾರದು.

ಆನ್‌ಲೈನ್‌ನಲ್ಲಿ ತರಿಸುವವರು ಜಿಎಸ್‌ಟಿ ಬಿಲ್ಲು, ವಾರಂಟಿ ಅವಧಿ, ವಾಪಸು ಕೊಡುವ ಗಡುವು ನೋಡಬೇಕು. ತಾಲ್ಲೂಕು ಕೇಂದ್ರಗಳಲ್ಲಿ ಸರ್ವಿಸ್ ಸೆಂಟರ್ ಸಿಗುವುದು ವಿರಳ, ಕೆಟ್ಟರೆ ಕೊರಿಯರ್‌ನಲ್ಲೇ ಕಳಿಸಬೇಕಾಗುತ್ತದೆ. ಬಿಡಿ ಪೆನ್ನು ಸಿಗುತ್ತದೆಯೇ ಎಂಬುದು ಇಲ್ಲಿ ನಿರ್ಣಾಯಕ. ಒಂದು ಮಾದರಿಯ ಪೆನ್ನು ಇನ್ನೊಂದಕ್ಕೆ ಸಾಮಾನ್ಯವಾಗಿ ಹೊಂದುವುದಿಲ್ಲ, ಪೆನ್ನು ಕಳೆದರೆ ಫಲಕ ಮೂಲೆ ಸೇರುತ್ತದೆ. ಸೆಕೆಂಡ್ ಹ್ಯಾಂಡ್ ಐಪ್ಯಾಡ್ ಕೊಳ್ಳುವವರು ಹಿಂದಿನವರ ಖಾತೆ ಪೂರ್ತಿ ತೆಗೆದಿದ್ದಾರೆಯೇ ಎಂದು ಕಣ್ಣೆದುರೇ ಖಚಿತಪಡಿಸಿಕೊಳ್ಳಬೇಕು. ಇಲ್ಲದಿದ್ದರೆ ಅದು ತೆರೆಯುವುದೇ ಇಲ್ಲ.

ಒಟ್ಟಿನಲ್ಲಿ ಆಯ್ಕೆಯ ಕ್ರಮ ಸರಳ. ಮೊದಲು ಕೆಲಸ, ನಂತರ ಪೆನ್ನು, ಆಮೇಲೆ ಫಲಕದ ಅಳತೆ ಮತ್ತು ತಂತ್ರಾಂಶ. ಪರದೆ ಕೊನೆಗೆ. ಈ ನಾಲ್ಕು ತಾಲ್ಲೂಕುಗಳಲ್ಲಿ ಕಂಪ್ಯೂಟರ್ ಈಗಾಗಲೇ ಇರುವ ಬಹುತೇಕರಿಗೆ ಮೊದಲ ಖರೀದಿಯಾಗಿ ಪರದೆಯಿಲ್ಲದ ಸಣ್ಣ ಪೆನ್ ಟ್ಯಾಬ್ಲೆಟ್ ಸಾಕು. ಅದರಿಂದ ಬಂದ ದುಡಿಮೆ ದೊಡ್ಡದನ್ನು ಕೊಳ್ಳುವಷ್ಟಾದಾಗ ದೊಡ್ಡದನ್ನು ಕೊಂಡರಾಯಿತು. ದುಡ್ಡು ಕೊಡುವ ಮೊದಲು ನಿಮ್ಮ ಕೆಲಸ ಮುದ್ರಿಸುವವರಲ್ಲಿ ಯಾವ ಕಡತ, ಯಾವ ಅಳತೆ, ಯಾವ ಬಣ್ಣದ ಪದ್ಧತಿ ಬೇಕೆಂದು ಕೇಳಿಕೊಂಡು ಬನ್ನಿ.